ಸಮ ಅಂಕದವರು

ಹಂಚುಗ ಎಂಬ ಆ ಯಂತ್ರ ಕೆಲಸ ಮಾಡುವಾಗ ಸದ್ದೇ ಇರುತ್ತಿರಲಿಲ್ಲ. ಧಾರವಾಡದ ಅಂಗದಾನ ಕೇಂದ್ರದ ಪರದೆಯ ಮೇಲೆ ‘ಮೂತ್ರಪಿಂಡ ಲಭ್ಯ’ ಎಂಬ ಸಾಲು ಮೂಡಿತು. ನೋಡುತ್ತಿದ್ದವರು ಉಸಿರು ಬಿಡುವಷ್ಟರಲ್ಲಿ ಅದರ ಕೆಳಗೆ ಒಂದು ಹೆಸರು ಬಂತು. ಅಷ್ಟರೊಳಗೆ ಯಂತ್ರ ರಾಜ್ಯದಲ್ಲಿ ಕಾಯುತ್ತಿದ್ದ ಎಲ್ಲ ರೋಗಿಗಳ ದಾಖಲೆ ಓದಿ, ರಕ್ತ, ವಯಸ್ಸು, ದೇಹದ ಹೊಂದಾಣಿಕೆ ನೋಡಿ ಅಂಕ ಹಾಕಿ ಮುಗಿಸಿತ್ತು.

ಬಂದ ಹೆಸರು ಬಹಳ ಕಾಲದಿಂದ ಕಾಯುತ್ತಿದ್ದ ಈರಣ್ಣ ಗಾಣಿಗೇರನದಾಗಿರಲಿಲ್ಲ. ಅವನ ಫೋನಿಗೆ ಬಂದದ್ದು ಹಿಂದಿನಂತೆಯೇ ಒಂದು ಸಂದೇಶ: ‘ನಿಮ್ಮ ಅಂಕ ಮೊದಲ ಸ್ಥಾನಕ್ಕೆ ಸಮ. ಅಂಗ ಇನ್ನೊಬ್ಬರಿಗೆ ಹೋಗಿದೆ.’

“ಮತ್ತ ಸಮ ಅಂತ?” ಎಂದಳು ಫರ್ಜಾನಾ ನದಾಫ. ಇಬ್ಬರೂ ಎಂ.ಟೆಕ್. ಸಹಪಾಠಿಗಳು. ಒಂದು ಕೆಲಸವನ್ನು ತುಂಡು ಮಾಡಿ ಸಾವಿರಾರು ಕೋರ್‌ಗಳಿಗೆ, ಅಂದರೆ ಒಂದೇ ಚಿಪ್ಪಿನೊಳಗಿನ ಸಣ್ಣ ಸಣ್ಣ ಗಣಕಗಳಿಗೆ, ಏಕಕಾಲಕ್ಕೆ ಒಪ್ಪಿಸುವ ವಿದ್ಯೆ ಅವರ ವಿಷಯ. ಈರಣ್ಣ ಡಯಾಲಿಸಿಸ್ ಹಾಸಿಗೆಯ ಮೇಲೂ ಪ್ರೋಗ್ರಾಂ ಬರೆಯುತ್ತಿದ್ದ.

“ನಶೀಬ, ಬಿಡು,” ಎಂದ ಅವನು.

ಫರ್ಜಾನಾ ಬಿಡಲಿಲ್ಲ. ಈ ಸಲ ಮೂತ್ರಪಿಂಡ ಸಿಕ್ಕಿದ್ದು ಡಾ. ಸುಲೋಚನಾ ಇಟಗಿಯವರ ಓಣಿಯ ವ್ಯಾಪಾರಿಗೆ ಎಂದು ಅವಳ ಕಿವಿಗೆ ಬಿದ್ದಿತ್ತು. ಹಂಚುಗವನ್ನು ಕಂಡುಹಿಡಿದವರೇ ಇಟಗಿ. ಇಬ್ಬರಿಗೂ ಪಾಠ ಹೇಳುವವರೂ ಅವರೇ. ಯಾವ ಹಳೆಯ ಪ್ರೋಗ್ರಾಂ ಕೊಟ್ಟರೂ ಹಂಚುಗ ತಾನೇ ಬಿಡಿಸಿ ಕೋರ್‌ಗಳಿಗೆ ಹಂಚುತ್ತಿತ್ತು. ಹೇಗೆ ಹಂಚಿತು ಎಂದು ಯಾರೂ ಕೇಳುತ್ತಿರಲಿಲ್ಲ. ತರಗತಿಯಲ್ಲಿ ಮೇಡಂ ಈರಣ್ಣನ ಯೋಗಕ್ಷೇಮ ವಿಚಾರಿಸಿದಾಗಲೆಲ್ಲ ಫರ್ಜಾನಾ ಅವರ ಮುಖವನ್ನೇ ದಿಟ್ಟಿಸಿದಳು. ಆ ಕಳಕಳಿ ನಿಜವೋ ನಾಟಕವೋ ತಿಳಿಯಲಿಲ್ಲ.

ವಿದ್ಯಾರ್ಥಿಗಳ ಅಭ್ಯಾಸಕ್ಕೆಂದು ಪ್ರಯೋಗಾಲಯದಲ್ಲಿ ಹಂಚುಗದ ಒಂದು ಪ್ರತಿ ಇತ್ತು. ಅದಕ್ಕೆ ಅವಳು ಆ ವ್ಯಾಪಾರಿಯಂಥ ಒಬ್ಬ, ಈರಣ್ಣನಂಥ ಒಬ್ಬ, ಹೀಗೆ ಇಬ್ಬರು ಕಾಲ್ಪನಿಕ ರೋಗಿಗಳನ್ನು ಕೊಟ್ಟಳು. ಇಬ್ಬರ ಅಂಕವೂ ಸಮ. ಎಷ್ಟು ಸಲ ಓಡಿಸಿದರೂ ವ್ಯಾಪಾರಿಯೇ ಗೆದ್ದ. ಹೆಸರು ಅದಲುಬದಲು ಮಾಡಿದರೂ ಗೆದ್ದದ್ದು ಅದೇ ದಾಖಲೆ. ಹಾಗಾದರೆ ತಪ್ಪು ಹೆಸರಿನದಲ್ಲ. ಕೊನೆಗೆ ಆ ಕಾಲ್ಪನಿಕ ಈರಣ್ಣನ ದಾಖಲೆಯಿಂದ ಹಳೆಯ ಚಿಕಿತ್ಸೆಯ ಪುಟಗಳನ್ನೆಲ್ಲ ಅಳಿಸಿ ಓಡಿಸಿದಳು. ಈಗ ಈರಣ್ಣ ಗೆದ್ದ.

ಅವಳು ಇಟಗಿಯವರನ್ನು ಕರೆತಂದು ಪರದೆಯ ಮುಂದೆ ಕೂರಿಸಿದಳು.

“ಯಾರ ಮ್ಯಾಲ ಸಂಶಯ ನಿನಗ? ನನ್ನ ಮ್ಯಾಲೇನು?”

“ಹೌದ್ರಿ ಮೇಡಂ, ಇತ್ತು. ಈಗ ಇದನ್ನ ನೋಡ್ರಿ.”

ಇಟಗಿ ನೋಡಿದರು, ತಾವೇ ಮತ್ತೆ ಓಡಿಸಿದರು. ಆಮೇಲೆ ಕನ್ನಡಕ ತೆಗೆದರು. ಒಬ್ಬೊಬ್ಬ ರೋಗಿಯ ದಾಖಲೆ ಒಂದೊಂದು ಕೋರ್‌ಗೆ ಹೋಗುತ್ತಿತ್ತು. ಎಲ್ಲ ಕೋರ್‌ಗಳೂ ಓದಿ ಮುಗಿಸುವ ತನಕ ಕಾದು, ಆಮೇಲೆ ಹೋಲಿಸಬೇಕಿತ್ತು. ಆದರೆ ವೇಗದ ಆಸೆಗೆ ಹಂಚುಗ ಕಾಯುವುದನ್ನೇ ಕೈಬಿಟ್ಟಿತ್ತು. ಅಂಕ ಸಮವಾದರೆ ಮೊದಲು ಮುಗಿಸಿದ ಕೋರ್‌ನ ರೋಗಿಗೆ ಅಂಗ. ಹೆಚ್ಚು ಕಾಲ ನರಳಿದವನ ದಾಖಲೆ ಉದ್ದ, ಓದಲು ತಡ.

“ಬಾಳ ದಿನದಿಂದ ಕಾಯಾಕತ್ತವರ ಪ್ರತಿ ಸಲ ಸೋಲ್ತಾರ್ರಿ,” ಎಂದಳು ಫರ್ಜಾನಾ.

“ಇದನ್ನ ಹೊರಗ ಹೇಳಿದ್ರ ಯಂತ್ರ ಬಂದ್ ಮಾಡ್ತಾರ. ಕೈಲೆ ಲೆಕ್ಕ ಹಾಕೋದ್ರಾಗ ಅಂಗ ಕೆಡ್ತದ, ಗೊತ್ತದ ಏನು? ನಾಳೆ ತನಕ ಸುಮ್ಮನಿರು.”

ನಾಳೆಯೊಳಗೆ ಪ್ರಯೋಗಾಲಯದ ಪ್ರತಿ ಮಾಯವಾದೀತೆಂದು ಫರ್ಜಾನಾಗೆ ಅನುಮಾನ. ಎಲ್ಲವನ್ನೂ ತನ್ನ ಬಳಿ ನಕಲು ಮಾಡಿಟ್ಟುಕೊಂಡು, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಕೇಂದ್ರಕ್ಕೆ ಹೋದಳು. ಒಳಗೆ ವೈದ್ಯರ ನಡುವೆ ಇಟಗಿ ನಿಂತಿದ್ದರು. ಪರದೆಯ ಮೇಲೆ ಅವಳದೇ ಪ್ರಯೋಗ ಓಡುತ್ತಿತ್ತು. “ಬಾ, ನೀನ ಹೇಳು. ಕಂಡುಹಿಡದಾಕಿ ನೀನು,” ಎಂದರು. ಫರ್ಜಾನಾಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಕಾಯುವ ಹಂತ ಮತ್ತೆ ಸೇರಿತು. ಉತ್ತರಕ್ಕೆ ಈಗ ಕೆಲವು ನಿಮಿಷ ಬೇಕಾಗುತ್ತಿತ್ತು. ಅದರಿಂದ ಯಾವ ಅಂಗವೂ ಕೆಡಲಿಲ್ಲ. ಆದರೆ ಪರದೆಯ ಮೇಲೆ ಕೆಲವೊಮ್ಮೆ ಎರಡು ಹೆಸರು ಅಕ್ಕಪಕ್ಕ ಬರತೊಡಗಿದವು. ಯಾರಿಗೆ ಕೊಡಬೇಕೆಂಬ ಆಯ್ಕೆ ಈಗ ವೈದ್ಯರ ಪಾಲಿಗೆ ಬಂತು. ಹೆಚ್ಚು ಕಾಲ ಕಾದವರಿಗೆ ಕೊಡೋಣ ಎಂದು ತೀರ್ಮಾನಿಸಲು ಅವರು ಗಂಟೆಗಟ್ಟಲೆ ಜಗಳವಾಡಬೇಕಾಯಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಈರಣ್ಣನ ಹೆಸರೂ ಹಾಗೆಯೇ ಇನ್ನೊಂದು ಹೆಸರಿನ ಪಕ್ಕ ಬಂದು, ಅವನಿಗೆ ಮೂತ್ರಪಿಂಡ ಸಿಕ್ಕಿತು. ಎಚ್ಚರವಾದಾಗ ಅವನು ಕೇಳಿದ ಮೊದಲ ಮಾತು, “ಆ ಇನ್ನೊಬ್ಬರ ಹೆಸರು ಏನಿತ್ತು?”

ಇದೇ ತಪ್ಪನ್ನು ತಿಳಿಸಲು, ಹಂಚುಗವನ್ನು ಬಳಸುತ್ತಿದ್ದ ಬೇರೆ ಕಚೇರಿಗಳಿಗೂ ಇಟಗಿ ಹೋಗಿ ಬಂದರು. ಎಲ್ಲ ಕಡೆಯೂ ಒಂದೇ ಉತ್ತರ: ನಮ್ಮಲ್ಲಿ ಯಾರೂ ದೂರು ಕೊಟ್ಟಿಲ್ಲ. ಅಲ್ಲಿ ಯಾರಿಗೂ ‘ಸಮ’ ಎಂಬ ಸಂದೇಶ ಹೋಗುತ್ತಿರಲಿಲ್ಲ. ದೂರು ಕೊಡಲು, ತಾನೂ ಸಮನಾಗಿದ್ದೆ ಎಂಬುದು ಸೋತವನಿಗೆ ಗೊತ್ತಿರಬೇಕಲ್ಲ, ಎಂದುಕೊಂಡಳು ಫರ್ಜಾನಾ.

ತನ್ನ ಪ್ರಬಂಧಕ್ಕೆ ಅವಳು, ಹಂಚುಗ ಹುಟ್ಟುವುದಕ್ಕೆ ಎಷ್ಟೋ ಮೊದಲು, ಇಪ್ಪತ್ತೊಂದನೆಯ ಶತಮಾನದ ಮೂರನೆಯ ದಶಕದಲ್ಲಿ, ಮನುಷ್ಯರೇ ಬರೆದ ಪ್ರೋಗ್ರಾಂಗಳನ್ನು ಆರಿಸಿಕೊಂಡಳು. ಆಗಲೂ ಕಾಲೇಜಿನ ಸೀಟು, ರೈಲಿನ ಟಿಕೆಟ್, ಆಸ್ಪತ್ರೆಯ ಹಾಸಿಗೆ ಎಲ್ಲವನ್ನೂ ಅವೇ ಹಂಚುತ್ತಿದ್ದವು. ಅವಳು ಮೊದಲನೆಯದನ್ನು ತೆರೆದು, ಕಾಯುವ ಹಂತ ಎಲ್ಲಿದೆ ಎಂದು ಹುಡುಕಿದಳು. ಇರಲಿಲ್ಲ. ಎರಡನೆಯದನ್ನು ತೆರೆದಳು.