ಬೇಕರ್ ತಾತನ ಫೋನು

ಸೈನ್ಯದ ಹಳೇ ರೇಡಿಯೋಗಳ ಮ್ಯೂಸಿಯಂ. ಕಪಾಟು ಬಾಯಿ ತೆರೆದುಕೊಂಡು ನಿಂತಿತ್ತು. ಒಳಗಿದ್ದ ಯುದ್ಧಕಾಲದ ಚಿನ್ನದ ಪದಕ — ಮಾಯ.

ವಾಚ್‌ಮನ್ ಮೂರನೇ ಸಲ ಅದೇ ಕಥೆ ಹೇಳಿದ. ಬೆಳಗ್ಗೆ ಆಫೀಸಿನ ಒಳಫೋನಿಗೆ ಅಪ್ಪಣೆ ಬಂತಂತೆ: ಬೇಕರ್ ಬಾಗಿಲು, ಸಿಯೆರಾ ಕಪಾಟು, ಎರಡೂ ತೆಗೆದಿಡು, ಪಾಲಿಶ್ ಮಾಡಬೇಕು. ಸಿಯೆರಾ ಅಂದರೇನು ಎಂದು ಕೇಳಿದ್ದಕ್ಕೆ, 'ಎಸ್ ಕಣಯ್ಯ' ಎಂದು ಬೈಸಿಕೊಂಡನಂತೆ.

"ಯಾರ ಧ್ವನಿ?" ಇನ್‌ಸ್ಪೆಕ್ಟರಮ್ಮ ಕೇಳಿದರು.

"ತಾತಂದೇ ಮೇಡಂ. ಬಿ ಅನ್ನೋಕೆ ಬೇಕರ್ ಅನ್ನೋರು ಇಲ್ಲಿ ಅವರೊಬ್ರೇ."

ತಾತ ನಿವೃತ್ತ ಸಿಗ್ನಲ್ ಸಿಪಾಯಿ. ಈಗ ಇಲ್ಲಿ ರೇಡಿಯೋ ರಿಪೇರಿ. ಬೆಳಗ್ಗಿಂದ ಅವರನ್ನು ಪಕ್ಕದ ರಿಪೇರಿ ಕೋಣೆಯಲ್ಲೇ ಕೂರಿಸಿದ್ದರು. ಗರಗರ ಲೈನಿನಲ್ಲಿ ಬಿ, ಡಿ, ಪಿ ಎಲ್ಲ ಒಂದೇ ಥರ ಕೇಳುತ್ತವೆಂದು ಸೈನ್ಯದವರು ಅಕ್ಷರಕ್ಕೊಂದು ಪದ ಇಟ್ಟುಕೊಂಡಿದ್ದರು. ಆಮೇಲೆ ವಿಮಾನದವರೂ ಸೈನ್ಯಗಳೂ ಸೇರಿ ಹೊಸ ಪಟ್ಟಿ ತಂದು, ಬೇಕರ್‌ನ ಎಬ್ಬಿಸಿ ಬ್ರಾವೊನ ಕೂರಿಸಿದರು. ತಾತನ ನಾಲಿಗೆ ಮಾತ್ರ ವರ್ಗಾವಣೆ ಒಪ್ಪಲಿಲ್ಲ. ಈಗ ಅದೇ ನಾಲಿಗೆಯಿಂದ ಕೆಲಸವೂ ಹೋಗಿ, ಮಾನವೂ ಹೋಗಿ, ಪೊಲೀಸ್ ಜೀಪು ಹತ್ತುವ ಹಾಗಾಗಿತ್ತು.

ಇನ್‌ಸ್ಪೆಕ್ಟರಮ್ಮನ ತಲೆ ಕೆಟ್ಟದ್ದು ಮುಂದೆ. ತಾತನನ್ನು ಅಣಕಿಸುವುದು ಅಲ್ಲಿ ಎಲ್ಲರ ಚಟವಾಗಿತ್ತು. ಮ್ಯೂಸಿಯಂ ಡ್ರೈವರ್‌ನ ಕರೆದರೆ ಅವನು ತಾತನ ಧ್ವನಿಯಲ್ಲೇ 'ಬಂದೆ' ಎಂದ. ಮ್ಯಾನೇಜರ್ ಕೆಮ್ಮು ಸಮೇತ ತಾತನಾಗಿ ತೋರಿಸಿ, ಹತ್ತು ವರ್ಷ ವಿಮಾನ ನಿಲ್ದಾಣದ ಟವರ್‌ನಲ್ಲಿ ಮೈಕ್ ಹಿಡಿದವನಿಗೆ ಇದೇನು ಮಹಾ ಎಂದು ಕೊಚ್ಚಿಕೊಂಡ. ವಾಚ್‌ಮನ್ನೂ ಗಂಟಲು ಸರಿಮಾಡಿಕೊಂಡ.

"ಸಾಕು ಬಿಡ್ರಪ್ಪಾ. ನೀವು ಕೆಲಸ ಮಾಡ್ತೀರೋ, ಆಡಿಷನ್ ಕೊಡ್ತೀರೋ?"

ಹಣೆ ತಿಕ್ಕಿಕೊಂಡವರು ತಟ್ಟನೆ ತಲೆ ಎತ್ತಿದರು. "ಡ್ರೈವರ್, ಎಸ್‌ಗೆ ಯಾವ ಪದ?"

"ಸೋಪು... ಇರಬಹುದಾ ಮೇಡಂ?"

ಅವರು ರಿಪೇರಿ ಕೋಣೆಯ ಬಾಗಿಲಿಗೆ ಹೋದರು. "ತಾತ, ಎಸ್‌ಗೆ ನೀವು?"

"ಶುಗರ್. ಇನ್ನೇನು?"

ಇನ್‌ಸ್ಪೆಕ್ಟರಮ್ಮ ಮ್ಯಾನೇಜರ್ ಕಡೆ ತಿರುಗಿದರು. "ಬೇಕರ್ ಹಳೇ ಪಟ್ಟಿದು, ಸಿಯೆರಾ ಹೊಸಾದು. ತಾತ ಆಗಿದ್ರೆ ಶುಗರ್ ಅಂತಿದ್ರು. ಡ್ರೈವರ್‌ಗೂ ವಾಚ್‌ಮನ್‌ಗೂ ಯಾವ ಪಟ್ಟಿನೂ ಬರಲ್ಲ. ತಾತನ್ನ ಆಡಿಕೊಂಡು ಆಡಿಕೊಂಡು ನಿಮಗೆ ಬೇಕರ್ ಒಂದು ಬಾಯಿಪಾಠ ಆಗಿತ್ತು. ಎಸ್ ಬಂದಾಗ ಟವರ್ ಅಭ್ಯಾಸ ಬಾಯಿಗೆ ಬಂತು. ಪದಕ ಎಲ್ಲಿ ಸ್ವಾಮಿ?"

ಮ್ಯಾನೇಜರ್‌ಗೆ ಈಗ ನಿಜವಾದ ಕೆಮ್ಮು ಬಂತು. ಪದಕ ಅವನ ಮೇಜಿನ ಕೆಳಗಿನ ಡ್ರಾಯರ್‌ನಲ್ಲಿ ಸಿಕ್ಕಿತು.

"ಬೆಳಗ್ಗಿಂದ ಸುಮ್ಮನೆ ಕೂತಿದ್ರಲ್ಲ ತಾತ," ಇನ್‌ಸ್ಪೆಕ್ಟರಮ್ಮ ರೇಗಿದರು. "ಆಗಲೇ ಹೇಳೋಕೇನಾಗಿತ್ತು?"

ತಾತ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಧ್ವನಿ ನಿಮ್ದಾ, ನಿಮ್ದಾ ಅಂತ ಇಪ್ಪತ್ತು ಸಲ ಕೇಳಿದ್ರಿ ತಾಯಿ. ಫೋನಲ್ಲಿ ಏನು ಹೇಳಿದ್ರು ಅಂತ ಒಬ್ಬರಾದ್ರೂ ನನಗೆ ಹೇಳಿದ್ರಾ?"