ಹಾಜರಿ ಪುಸ್ತಕಕ್ಕೆ ಸೇರದ ಎರಡು ಗಂಟೆ

ಒಂದು ಕಿಲೋ ಬೆಣ್ಣೆಗೆ ನೂರ ಇಪ್ಪತ್ತು ಕ್ರೋನ. ನೂರು ಗ್ರಾಂ ಏಲಕ್ಕಿಗೆ ತೊಂಬತ್ತು. ಟೋರ್ಕೆಲ್‌ನ ಒಂದು ಗಂಟೆಗೆ ಇನ್ನೂರ ಇಪ್ಪತ್ತೊಂದು: ಸಂಬಳ ನೂರೈವತ್ತು, ರಜೆಯ ಬಾಬ್ತು ಹದಿನೆಂಟು, ಕೆಲಸ ಕೊಟ್ಟವಳು ಸರ್ಕಾರಕ್ಕೆ ಕಟ್ಟಬೇಕಾದ ಪಾಲು ಐವತ್ತಮೂರು. ಉಲ್ರಿಕಾ ಮೂರು ಸಲ ಕೂಡಿದಳು. ಮೂರು ಸಲವೂ ಅಷ್ಟೇ ಬಂತು.

ಹೋದ ತಿಂಗಳವರೆಗೆ ಅವನು ಪುಕ್ಕಟೆ ಇದ್ದ.

ಹುಡಿಕ್ಸ್ವಾಲ್ ಊರಿನ ಬಂದರಿನ ಹತ್ತಿರ ಉಲ್ರಿಕಾಳದು ಆರು ಮೇಜಿನ ಕಾಫಿ ಅಂಗಡಿ. ನಲವತ್ತಮೂರು ವರ್ಷದ ಒಂಟಿ ಹೆಂಗಸು. ಹಿಟ್ಟು ನಾದುವುದರಿಂದ ನೆಲ ಒರೆಸುವವರೆಗೆ ಎಲ್ಲವೂ ಅವಳೇ. ಟೋರ್ಕೆಲ್ ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು. ಶನಿವಾರ ಏಲಕ್ಕಿ ಬನ್ನು ತಿನ್ನಲು ಬರುತ್ತಿದ್ದ. ಒಂದು ದಿನ ಗಿರಾಕಿಗಳ ಸಾಲು ಬಾಗಿಲು ದಾಟಿದ್ದು ನೋಡಿ, ಅಂಗಿಯ ತೋಳು ಮಡಚಿಕೊಂಡು ಸಿಂಕಿನ ಮುಂದೆ ನಿಂತ. ಆಮೇಲೆ ಪ್ರತಿ ಶನಿವಾರವೂ ನಿಂತ. ತಟ್ಟೆ ತೊಳೆಯುತ್ತ ಸಿಳ್ಳೆಯಲ್ಲೇ ಯಾವುದೋ ಹಾಡು ಹಾಡುತ್ತಿದ್ದ. ಉಲ್ರಿಕಾ ತಿರುಗಿ ನೋಡಿದರೆ ಸಿಳ್ಳೆ ನಿಲ್ಲುತ್ತಿತ್ತು, ಕಿವಿ ಕೆಂಪಾಗುತ್ತಿತ್ತು.

ಮಾರ್ಚಿನ ಒಂದು ಶನಿವಾರ, ತೆರಿಗೆ ಕಚೇರಿಯಿಂದ ತಪಾಸಣೆಗೆ ಬಂದ ಹೆಂಗಸು ಆ ಕೆಂಪು ಕಿವಿಯನ್ನೂ ನೋಡಿದಳು, ಅವನ ಏಪ್ರನ್ನನ್ನೂ ನೋಡಿದಳು.

"ಹಾಜರಿ ಪುಸ್ತಕ ಎಲ್ಲಿ?"

"ಅಂಗಡೀಲಿ ನಾನೊಬ್ಳೇ. ಪುಸ್ತಕ ಯಾಕೆ?"

"ಮತ್ತೆ ಇವರು? ಗಂಡನಾ? ಗಂಡ ಆದ್ರೆ ಬರೀಬೇಕಾಗಿಲ್ಲ."

ಟೋರ್ಕೆಲ್‌ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಉಲ್ರಿಕಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದರಲ್ಲೂ ಈ ಸುಳ್ಳು.

"ಅಲ್ಲ."

"ಮತ್ತೆ ನಿಮಗೆ ಏನಾಗ್ಬೇಕು?"

"ತಟ್ಟೆ ತೊಳೀತಾನೆ."

ದಂಡ ಹದಿನೈದು ಸಾವಿರ. ಎರಡನೆಯ ಓವನ್ನಿಗೆಂದು ಕೂಡಿಟ್ಟದ್ದು ಸರಿಯಾಗಿ ಅಷ್ಟೇ ಇತ್ತು. ಇನ್ನೊಮ್ಮೆ ಹೀಗಾದರೆ ಅಂಗಡಿಗೆ ಬೀಗ ಹಾಕಬೇಕು.

ಆ ವಾರವೇ ಉಲ್ರಿಕಾ ಕೆಲಸಗಾರರನ್ನು ಇಟ್ಟುಕೊಳ್ಳುವವಳೆಂದು ನೋಂದಾಯಿಸಿಕೊಂಡಳು. ಶನಿವಾರ ಅವನ ಮುಂದೆ ಒಂದು ಕರಾರು ಪತ್ರ, ಒಂದು ನೀಲಿ ಪುಸ್ತಕ ಇಟ್ಟಳು.

"ನಿನ್ನ ಹತ್ರ ಸಂಬಳ ತಗೊಳ್ಳೋಕೆ ಬಂದೋನಲ್ಲ ನಾನು," ಅಂದ ಟೋರ್ಕೆಲ್.

"ಹಾಗಾದ್ರೆ ಬರ್ಬೇಡ."

ಅಂದುಬಿಟ್ಟ ಮೇಲೆ ಅವಳೇ ಪೆನ್ನನ್ನು ಅವನತ್ತ ಸರಿಸಿದಳು. ಅವನು ಕರಾರು ಪತ್ರವನ್ನು ಎರಡು ಸಲ ಓದಿದ. ಕೊನೆಗೆ ಸಹಿ ಹಾಕಿದ.

"ಆಯ್ತು ಬಾಸ್. ಹೇಳಿ, ಎಲ್ಲಿಂದ ಶುರು ಮಾಡ್ಲಿ?"

ಅಂದಿನಿಂದ ಬೆಳಿಗ್ಗೆ ಆರಕ್ಕೆ ಬಂದೆ ಅಂತ ಬರೆಯುತ್ತಿದ್ದ, ಹನ್ನೆರಡಕ್ಕೆ ಹೊರಟೆ ಅಂತ ಬರೆಯುತ್ತಿದ್ದ. ಸಿಳ್ಳೆ ನಿಂತುಹೋಯಿತು. ತಟ್ಟೆಗಳು ಮೊದಲಿನಷ್ಟೇ ಹೊಳೆಯುತ್ತಿದ್ದವು, ಆದರೆ ಅಂಗಡಿ ಬಿಕೋ ಅನ್ನುತ್ತಿತ್ತು.

ಒಂದೇ ತಕರಾರು. ಹೊರಟೆ ಅಂತ ಬರೆದವನು ಹೊರಡುತ್ತಿರಲಿಲ್ಲ. ಕಿಟಕಿ ಪಕ್ಕದ ಮೇಜಿನ ಮುಂದೆ ಕಾಫಿ ಹಿಡಿದು ಎರಡರವರೆಗೆ ಕೂರುತ್ತಿದ್ದ. ಸುಮ್ಮನೆ ಕೂರುವ ಜೀವವಲ್ಲ. ಸ್ವಲ್ಪ ಹೊತ್ತಿಗೆ ಬಟ್ಟೆ ತೆಗೆದುಕೊಂಡು ಚಮಚ ಒರೆಸಲು ಶುರು.

ಮೇ ತಿಂಗಳ ಒಂದು ಶನಿವಾರ, ಗಿರಾಕಿಗಳು ಖಾಲಿಯಾದ ಹೊತ್ತಿನಲ್ಲಿ ಉಲ್ರಿಕಾ ತಡೆಯಲಾರದೆ ಎದುರಿಗೆ ಬಂದು ನಿಂತಳು.

"ಪುಸ್ತಕದಲ್ಲಿ ಹನ್ನೆರಡಕ್ಕೇ ಹೋಗಿದೀಯ. ಈಗ ಒಂದೂವರೆ. ಆ ಹೆಂಗಸು ಮತ್ತೆ ಬಂದ್ರೆ ನನ್ನ ಅಂಗಡಿ ಹೋಗತ್ತೆ. ಒಂದೋ ಬರಿ, ಇಲ್ಲಾ ಮನೆಗೆ ಹೋಗು."

"ಬರಿಯೋಕಾಗಲ್ಲ ಬಾಸ್."

"ಯಾಕಾಗಲ್ಲ? ದುಡ್ಡು ಕೊಡ್ತೀನಲ್ಲ!"

"ಅದಕ್ಕೇ ಆಗಲ್ಲ." ಅವನ ಕಿವಿ ಕೆಂಪಾಯಿತು. "ಆರು ಗಂಟೆ ಅಂಗಡೀದು. ಈ ಎರಡು ಗಂಟೆ ನಂದು. ನಿನ್ನ ನೋಡ್ತಾ ಕೂರೋಕೆ. ಇದಕ್ಕೂ ಸಂಬಳ ಕೊಟ್ರೆ ನಾನು ಎಲ್ಲಿಗೆ ಹೋಗ್ಲಿ, ಉಲ್ರಿಕಾ?"

ಓವನ್ನಿನ ಗಂಟೆ ಬಾರಿಸಿತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

"ಕೈಯಲ್ಲಿ ಬಟ್ಟೆ ಇದ್ರೆ ಅದು ಕೆಲಸ," ಅಂದಳು ಅವಳು ಮೆಲ್ಲಗೆ. "ಕೆಳಗಿಡು."

ಇಟ್ಟ. ಬಸ್ಸಿನ ಸ್ಟಿಯರಿಂಗ್ ಹಿಡಿದು ದಪ್ಪಗಾದ ಆ ಎರಡು ಕೈಗಳಿಗೆ ಈಗ ಏನು ಮಾಡಬೇಕೆಂದೇ ಗೊತ್ತಾಗಲಿಲ್ಲ. ಉಲ್ರಿಕಾ ಹಿಟ್ಟು ಮೆತ್ತಿದ ತನ್ನ ಕೈಯನ್ನು ಅವುಗಳ ನಡುವೆ ಇಟ್ಟಳು.

"ಈಗ?" ಅಂದ.

"ಈಗ ಬರೀಬೇಕಾಗಿಲ್ಲ."

ಅಷ್ಟರಲ್ಲಿ ಬಾಗಿಲು ತೆರೆಯಿತು. ಅದೇ ಹೆಂಗಸು. ಮೊದಲು ನೀಲಿ ಪುಸ್ತಕ ತೆರೆದು ನೋಡಿದಳು, ಆಮೇಲೆ ಗಡಿಯಾರ, ಆಮೇಲೆ ಮೇಜಿನ ಮೇಲಿದ್ದ ಕೈಗಳು.

"ಇವರು ಕೆಲಸದಲ್ಲಿದಾರಾ?"

"ಇಲ್ಲ." ಉಲ್ರಿಕಾ ಕೈ ತೆಗೆಯಲಿಲ್ಲ.

"ಮತ್ತೆ ಈಗ ಇವರು ನಿಮಗೆ ಏನಾಗ್ಬೇಕು?"

"ಅವಳನ್ನೇ ಕೇಳಿ," ಅಂದ ಟೋರ್ಕೆಲ್. "ಅವಳಿಗೆ ಸುಳ್ಳು ಹೇಳೋಕೆ ಬರಲ್ಲ."

"ಗಂಡ," ಅಂದಳು ಉಲ್ರಿಕಾ. "ಇವತ್ತಲ್ಲ. ಆಗಸ್ಟಿಗೆ."

"ಅಲ್ಲೀವರೆಗೆ ಬರೀತಾ ಇರಿ," ಎಂದು ಹೇಳಿ ಆ ಹೆಂಗಸು ನಾಲ್ಕು ಏಲಕ್ಕಿ ಬನ್ನು ಕಟ್ಟಿಸಿಕೊಂಡು, ದುಡ್ಡು ಕೊಟ್ಟು ಹೋದಳು.

ಹದಿನೈದು ಸಾವಿರ ವಾಪಸ್ ಬರಲಿಲ್ಲ. ಆ ವರ್ಷ ಓವನ್ ಕೂಡ ಬರಲಿಲ್ಲ. ಆಗಸ್ಟಿನಲ್ಲಿ ನೀಲಿ ಪುಸ್ತಕ ಮುಚ್ಚಿತು, ಗಂಟೆಗೆ ಇನ್ನೂರ ಇಪ್ಪತ್ತೊಂದು ಉಳಿಯಿತು. ಸಿಳ್ಳೆ ಮರಳಿ ಬಂತು. ಉಲ್ರಿಕಾ ತಿರುಗಿ ನೋಡಿದರೂ ಈಗ ಅದು ನಿಲ್ಲುವುದಿಲ್ಲ.