ಮೂರು ಬೀದಿ ಒತ್ತಿದ ಕಾಲು

ಅಂಚೆಯಣ್ಣ ಸೈಕಲ್ಲಿನ ಪಕ್ಕದಲ್ಲಿ ಸತ್ತು ಬಿದ್ದಿದ್ದ. ಅವನ ಚೀಲದ ಕಾಗದಗಳು ರಸ್ತೆ ತುಂಬ ಹಾರಾಡುತ್ತಿದ್ದವು. ಪೊಲೀಸರು ಕೈ ಅಡ್ಡ ಹಿಡಿದರೂ ನಿಲ್ಲದೆ ಮೂರು ಬೀದಿ ನುಗ್ಗಿ ಬಂದ ಕಾರು ಗೋಡೆಗೆ ಮೂತಿಯಿಟ್ಟು ನಿಂತಿತ್ತು.

ಅದು ಡ್ರೈವಿಂಗ್ ಸ್ಕೂಲಿನ ಕಾರು. ಸ್ಟೀರಿಂಗ್ ಹಿಡಿದು ಕೂತಿದ್ದವಳು ಹೊಲಿಗೆ ಅಂಗಡಿಯ ಹೆಂಗಸು. ಕಲಿಯಲು ಬಂದು ಐದನೆಯ ದಿನ. ಪಕ್ಕದಲ್ಲಿ ಕಲಿಸುವ ಮೇಷ್ಟ್ರು—ಅವಳ ಮೈದುನ.

“ಗಾಬರೀಲಿ ನಾನೇ ಆಕ್ಸಿಲರೇಟರ್ ಒತ್ತಿಬಿಟ್ಟೆನಂತೆ ಸಾರ್.”

“ಅಂತೆ? ಯಾರು ಹೇಳಿದ್ದು?” ನಮ್ಮ ಇನ್ಸ್‌ಪೆಕ್ಟರು ಕೇಳಿದರು.

“ಇವನೇ. ನನಗೇನೂ ನೆನಪಿಲ್ಲ. ಸೈಕಲ್ ಬೆಲ್ಲೊಂದೇ... ಈಗಲೂ ಕೇಳಿಸ್ತಿದೆ.”

ಮೇಷ್ಟ್ರು ಹಣೆ ಚಚ್ಚಿಕೊಂಡ. “ಬ್ರೇಕ್ ತುಳಿದೆ ಸಾರ್, ಹಿಡೀಲೇ ಇಲ್ಲ. ಅತ್ತಿಗೆ ಅಂದ್ರೆ ತಾಯಿ ಸಮಾನ. ಆದ್ರೂ ಸುಳ್ಳು ಹೇಗೆ ಹೇಳ್ಲಿ?”

ಹೇಳಿಕೆಗೆ ಸಹಿ ಬಿದ್ದರೆ ಅವಳಿಗೆ ಹತ್ತು ವರ್ಷ ಜೈಲು. ಶಾಲೆಮಕ್ಕಳ ಅಂಗಿಗಳನ್ನು ಮುಗಿಸಿ ಬರುತ್ತೇನೆಂದು ಅವಳು ಒಂದು ತಾಸು ಬೇಡಿದಳು. ಮೇಷ್ಟ್ರನ್ನೂ ಕರೆದುಕೊಂಡು ನಾವು ಅಂಗಡಿಗೆ ಹೋದೆವು.

ಅವಳು ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಇನ್ಸ್‌ಪೆಕ್ಟರು ಇಸ್ತ್ರಿಪೆಟ್ಟಿಗೆಯನ್ನೆತ್ತಿ ಮೇಜಿನ ಮೇಲೆ ಕುಕ್ಕಿದರು—ಧಡ್! ಅವಳ ಎರಡೂ ಕಾಲು ಮೇಲಕ್ಕೆದ್ದವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ—ಧಡ್! ಮತ್ತೆ ಹಾಗೆಯೇ.

“ಏನ್ ಸಾರ್, ಮಕ್ಕಳಾಟ?” ಮೇಷ್ಟ್ರು ನಕ್ಕ.

“ಕಾಲು ಯಾಕಮ್ಮ ಎತ್ತಿದಿರಿ?”

“ಬೆಚ್ಚಿದಾಗ ಎತ್ತದಿದ್ರೆ ಸೂಜಿ ಬೆರಳಿಗಿಳಿಯುತ್ತೆ ಸಾರ್. ಮೂವತ್ತು ವರ್ಷದಿಂದ ಹೀಗೇ.”

ಇನ್ಸ್‌ಪೆಕ್ಟರು ಮೈದುನನ ಕಡೆ ತಿರುಗಿದರು. “ಹೆದರಿದ್ರೆ ಏಳೋ ಕಾಲು ಮೂರು ಬೀದಿ ಒತ್ತಿಕೊಂಡೇ ಇತ್ತೇನಯ್ಯಾ? ನಿನ್ನ ಕಡೆಗೂ ಪೆಡಲ್ ಇವೆ. ಪಾಠದ ಹೊತ್ತಲ್ಲಿ ನಿನ್ನ ಆಕ್ಸಿಲರೇಟರ್ ಕೆಳಗೆ, ಅದು ಒತ್ತದ ಹಾಗೆ, ಮರದ ಬೆಣೆ ಇರಬೇಕು. ಅದು ಸಿಕ್ಕಿದ್ದು ನಿನ್ನ ಸೀಟಿನಡಿ. ನಾವು ಕಸ ಅಂದ್ಕೊಂಡ್ವಿ. ನಿನ್ನ ಲೈಸೆನ್ಸ್ ರದ್ದಾಗಿದೆ—ಅದಕ್ಕೇ ಪೊಲೀಸರು ಕೈ ಅಡ್ಡ ಹಿಡಿದಾಗ ಬೆಣೆ ಕಿತ್ತು ತುಳಿದೆ. ನಿಂತಿದ್ರೆ ಬರೀ ದಂಡ. ಓಡಿದ್ದಕ್ಕೆ ಜೈಲು. ಓಡಿ ಜೀವ ತೆಗೆದಿದ್ದಕ್ಕೆ ಹತ್ತು ವರ್ಷ. ಅದನ್ನ ತಾಯಿ ಸಮಾನ ಅಂದವಳ ತಲೆಗೆ ಕಟ್ಟಿದೆಯಲ್ಲೋ! ಕೊಂದವನು ನೀನು.”

“ಅತ್ತಿಗೇ...” ಎಂದನವನು. ಅವಳು ನೋಡಲಿಲ್ಲ.

“ನಿಮ್ಮ ಮೇಲೆ ಇನ್ನು ಕೇಸಿಲ್ಲಮ್ಮ.”

ಅವಳು ಎರಡೂ ಅಂಗೈ ಮುಂದೆ ಚಾಚಿದಳು. “ಸ್ಟೀರಿಂಗ್ ಹಿಡಿದಿದ್ದು ಇವೇ ಅಲ್ವಾ ಸಾರ್? ಇವಕ್ಕೇನು ಶಿಕ್ಷೆ?”